ಮೂತಿ ಹಿಗ್ಗಿದರೆ ಬಲ ಹಿಗ್ಗೀತೆ?

ಹಳೆಯ ಡೀಸೆಲ್ ಕಾರೊಂದನ್ನು ಇಟ್ಟುಕೊಂಡಿರುವವರಿಗೆ ಒಂದು ಸಲಹೆ ಎಲ್ಲ ಕಡೆಗಳಿಂದಲೂ ಪುಕ್ಕಟೆಯಾಗಿ ದೊರೆಯುತ್ತದೆ. "ಇಂಜಿನ್ನು ಬಳಲಿದೆಯೆ? ಏರಿನಲ್ಲಿ ಎಳೆಯುವುದಿಲ್ಲವೆ? ಇಂಜೆಕ್ಟರಿನ ನಾಜಲುಗಳನ್ನು ತೆಗೆದೆಸೆದು ಅವಕ್ಕಿಂತ ದೊಡ್ಡ ರಂಧ್ರವುಳ್ಳವನ್ನು ಹಾಕಿಸಿ, ಇನ್ನೂ ಹತ್ತು ಕುದುರೆಗಳ ಬಲ ಬಂದೀತು" ಎಂಬುದೇ ಆ ಸಲಹೆ. ಕೆಲಸವು ಅರ್ಧ ದಿನದ್ದು, ಖರ್ಚು ಇಂಜಿನ್ನನ್ನೇ ಬದಲಾಯಿಸುವುದಕ್ಕಿಂತ ಎಷ್ಟೋ ಕಡಮೆ. ಯಂತ್ರಗಳಲ್ಲಿ ಆಸಕ್ತಿಯುಳ್ಳ ತರುಣರಿಗಂತೂ ಈ ಮಾತು ಬಹಳ ರುಚಿಸುತ್ತದೆ. ಆದರೆ ರುಚಿಸಿದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ. ನಾಜಲೆಂಬ ಈ ಪುಟ್ಟ ಸೂಸುಮೂತಿಯ ಕೆಲಸವೇನು, ಅದನ್ನು ಹಿಗ್ಗಿಸಿದರೆ ಒಳಗೆ ನಡೆಯುವುದೇನು ಎಂಬುದನ್ನು ವಿಚಾರಿಸಿ ನೋಡಿದರೆ, ಈ ಸಲಹೆಯಲ್ಲಿ ಸತ್ಯವೆಷ್ಟು, ಭ್ರಾಂತಿಯೆಷ್ಟು ಎಂಬುದು ತಾನಾಗಿಯೇ ತಿಳಿಯುತ್ತದೆ.

ನನಗೆ ಈ ವಿಚಾರ ಹತ್ತಿದುದು ಪುಸ್ತಕದಿಂದಲ್ಲ. ನಮ್ಮ ಮನೆಯಲ್ಲಿ ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಕಾರೊಂದಿತ್ತು. ೨೦೧೪ರ ಮಳೆಗಾಲಕ್ಕೆ ಮುಂಚೆ ಅದನ್ನು ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿಯವರು ಟರ್ಬೊ ಉಳ್ಳ ಬೇರೊಂದು ದೊಡ್ಡ ಇಂಜಿನ್ನಿಗೆಂದು ಮಾಡಿದ ನಾಜಲುಗಳನ್ನು ನಮ್ಮ ಕಾರಿಗೆ ಕೂಡಿಸಿ, ಪಂಪಿನ ಮುದ್ರೆಯನ್ನು ಒಡೆದು ತಿರುಪನ್ನೂ ಒಂದಷ್ಟು ತಿರುಗಿಸಿ, "ಇನ್ನು ನೋಡಿ" ಎಂದರು. ಸಮತಟ್ಟಾದ ರಸ್ತೆಯಲ್ಲಿ ಕಾರು ನಿಜವಾಗಿಯೂ ತುಸು ಚುರುಕಾದಂತೆ ತೋರಿತು. ಆ ವಾರವೇ ಚಾರ್ಮಾಡಿ ಘಟ್ಟವನ್ನು ಹತ್ತಿದೆವು. ಕೊಟ್ಟಿಗೆಹಾರವನ್ನು ಮುಟ್ಟುವ ಹೊತ್ತಿಗೆ ನಮ್ಮ ಹಿಂದಿನ ರಸ್ತೆಯೇ ಕಾಣದಷ್ಟು ಕಪ್ಪು ಹೊಗೆ. ಬಸ್ಸಿಗಾಗಿ ಕಾದು ನಿಂತಿದ್ದ ಶಾಲೆಯ ಮಕ್ಕಳು ಸೆರಗು, ಕರವಸ್ತ್ರ, ಪುಸ್ತಕಗಳಿಂದ ಮೂಗು ಮುಚ್ಚಿಕೊಂಡರು. ಅವರಲ್ಲೊಬ್ಬಳು ಕೆಮ್ಮುತ್ತ ನಮ್ಮನ್ನು ದಿಟ್ಟಿಸಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ನಾವು ಹಣ ಕೊಟ್ಟು ಕೊಂಡುಕೊಂಡಿದ್ದ 'ಬಲ'ವು ಆ ಮಕ್ಕಳ ಶ್ವಾಸಕೋಶಗಳಿಗೆ ಸೇರುತ್ತಿತ್ತು.

ಮೊದಲು ಮೂಲ ಸಂಗತಿಯನ್ನು ನೋಡೋಣ. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿಯು ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಇಲ್ಲ. ಪಿಸ್ಟನ್ನು ಗಾಳಿಯನ್ನು ಅದರ ಮೂಲ ಗಾತ್ರದ ಸುಮಾರು ಇಪ್ಪತ್ತೊಂದನೆಯ ಒಂದು ಪಾಲಿಗೆ ಅದುಮುತ್ತದೆ. ಶಾಖವು ಹೊರಕ್ಕೆ ಸೋರದಿದ್ದರೆ, ೨೭ ಡಿಗ್ರಿಯಲ್ಲಿ ಒಳಬಂದ ಗಾಳಿಯು ಈ ಸಂಪೀಡನದಿಂದ ೭೦೦ ಡಿಗ್ರಿ ಸೆಂಟಿಗ್ರೇಡನ್ನೂ ಮೀರಿ ಕಾಯಬೇಕೆಂದು ಲೆಕ್ಕ ಹೇಳುತ್ತದೆ. ಲೋಹದ ಗೋಡೆಗಳು ಒಂದಿಷ್ಟು ಶಾಖವನ್ನು ಹೀರಿಕೊಳ್ಳುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಕಡಮೆಯಾದರೂ, ಡೀಸೆಲ್ ಎಣ್ಣೆಯು ತಾನಾಗಿ ಹೊತ್ತಿಕೊಳ್ಳಲು ಬೇಕಾದ ಉಷ್ಣತೆಗಿಂತ ಅದು ಬಹಳ ಹೆಚ್ಚು. ಈ ಕಾದ ಗಾಳಿಯೊಳಕ್ಕೆ ಸರಿಯಾದ ಕ್ಷಣದಲ್ಲಿ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸುವುದೇ ನಾಜಲಿನ ಕರ್ತವ್ಯ.

ಅದೆಷ್ಟು ಎಣ್ಣೆ? ೨.೪ ಲೀಟರಿನ ನಾಲ್ಕು ಸಿಲಿಂಡರಿನ ಇಂಜಿನ್ನನ್ನು ತೆಗೆದುಕೊಳ್ಳಿ. ಪೂರ್ಣ ಭಾರದಲ್ಲಿಯೂ ಒಂದು ಸಲಕ್ಕೆ ಒಂದು ಸಿಲಿಂಡರಿಗೆ ಬೇಕಾಗುವುದು ಸ್ಥೂಲವಾಗಿ ೪೦ ಘನ ಮಿಲಿಮೀಟರುಗಳಷ್ಟು. ಎಂದರೆ ಔಷಧದ ಸೀಸೆಯಿಂದ ಬೀಳುವ ಒಂದು ಹನಿಗಿಂತಲೂ ಕಡಮೆ. ನಿಮಿಷಕ್ಕೆ ೪,೦೦೦ ಸುತ್ತುಗಳ ವೇಗದಲ್ಲಿ ಪ್ರತಿಯೊಂದು ನಾಜಲೂ ಸೆಕೆಂಡಿಗೆ ೩೩ ಸಲ ಇಂಥ ಹನಿಯನ್ನು ಸಿಂಪಡಿಸಬೇಕು. ಪ್ರತಿ ಸಲಕ್ಕೂ ಅದಕ್ಕೆ ದೊರೆಯುವ ಕಾಲ ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸು.

ಈ ಹನಿಯು ಇಡಿಯಾಗಿ ಬಿದ್ದರೆ ಏನಾಗುತ್ತದೆ? ಗಣಿತ ಬಲ್ಲ ವಿದ್ಯಾರ್ಥಿಗಳು ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ೪೦ ಘನ ಮಿಲಿಮೀಟರಿನ ಒಂದೇ ಗುಂಡು ಹನಿಯ ಮೇಲ್ಮೈ ಸುಮಾರು ೫೭ ಚದರ ಮಿಲಿಮೀಟರು. ಅದೇ ಎಣ್ಣೆಯನ್ನು ೨೦ ಮೈಕ್ರಾನ್ ವ್ಯಾಸದ ತುಂತುರುಗಳಾಗಿ ಒಡೆದರೆ ಸುಮಾರು ೯೫ ಲಕ್ಷ ಕಣಗಳಾಗುತ್ತವೆ; ಅವುಗಳ ಒಟ್ಟು ಮೇಲ್ಮೈ ೧೨,೦೦೦ ಚದರ ಮಿಲಿಮೀಟರು. ಎಣ್ಣೆ ಅಷ್ಟೇ, ಗಾಳಿಯನ್ನು ಮುಟ್ಟುವ ಮೈ ಮಾತ್ರ ಇನ್ನೂರು ಪಟ್ಟಿಗಿಂತ ಹೆಚ್ಚು. ಇನ್ನೊಂದು ನಿಯಮವನ್ನೂ ಇಲ್ಲಿ ನೆನೆಯಬೇಕು: ತುಂತುರು ಆವಿಯಾಗಲು ಹಿಡಿಯುವ ಕಾಲವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಎರಡರಷ್ಟಾದರೆ ಕಾಲ ನಾಲ್ಕರಷ್ಟು. ಸಾವಿರದ ಕೆಲವು ಪಾಲುಗಳಷ್ಟು ಕಾಲದಲ್ಲಿ ಉರಿದು ಮುಗಿಯಬೇಕಾದ ಎಣ್ಣೆಗೆ ಈ ವ್ಯತ್ಯಾಸವು ಜೀವನ್ಮರಣದ ಪ್ರಶ್ನೆ. ಉರಿಯಲು ಹೊತ್ತು ಸಾಲದ ಎಣ್ಣೆಯೇ ಮಸಿಯಾಗಿ ಹೊರಬೀಳುತ್ತದೆ.

ಎಣ್ಣೆಯನ್ನು ಹೀಗೆ ನುಣ್ಣಗೆ ಒಡೆಯುವ ಪ್ರಯತ್ನವೇ ಡೀಸೆಲ್ ಇಂಜಿನ್ನಿನ ಚರಿತ್ರೆಯೆಂದರೂ ತಪ್ಪಾಗದು. ೧೮೯೭ರಲ್ಲಿ ಆಗ್ಸ್‌ಬರ್ಗಿನಲ್ಲಿ ರೂಡಾಲ್ಫ್ ಡೀಸೆಲ್ ತನ್ನ ಯಂತ್ರವನ್ನು ಪರೀಕ್ಷೆಗೆ ಒಡ್ಡಿದಾಗ ಅದು ಇಂಧನದ ಶಾಖದಲ್ಲಿ ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚನ್ನು ಕೆಲಸವಾಗಿ ಮಾರ್ಪಡಿಸಿತು. ಆ ಕಾಲದ ಉಗಿಯಂತ್ರಗಳಿಗೆ ಇದು ಎಟುಕದ ಮಾತು. ಆದರೆ ಎಣ್ಣೆಯನ್ನು ಒಳಕ್ಕೆ ಊದಲು ಆತನಿಗೆ ಅದುಮಿದ ಗಾಳಿಯ ಭಾರಿ ಸಲಕರಣೆ ಬೇಕಾಯಿತು. ಅಂಥದನ್ನು ಹೊತ್ತು ಕಾರು ಓಡುವುದುಂಟೆ? ೧೯೦೯ರಲ್ಲಿ ಮನ್ಹೈಮಿನ ಬೆಂಜ್ ಕಂಪನಿಯಲ್ಲಿದ್ದ ಪ್ರಾಸ್ಪರ್ ಲೊರಾಂಜ್ ಎಂಬ ಇಂಜಿನಿಯರು ಪೂರ್ವಕೋಷ್ಠದ ಉಪಾಯವನ್ನು ಕಂಡುಹಿಡಿದನು. ಎಣ್ಣೆಯು ಮೊದಲು ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು, ಆ ಉರಿಯ ರಭಸವೇ ಉಳಿದುದನ್ನು ದೊಡ್ಡ ಕೋಣೆಗೆ ತಳ್ಳಿ ಗಾಳಿಯೊಡನೆ ಕಲಕುವ ಏರ್ಪಾಡು ಅದು. ೧೯೨೭ರಲ್ಲಿ ರಾಬರ್ಟ್ ಬಾಷ್ ಕಂಪನಿಯು ಇಂಧನ ಪಂಪುಗಳನ್ನು ಮೊತ್ತವಾಗಿ ತಯಾರಿಸತೊಡಗಿತು. ೧೯೩೬ರಲ್ಲಿ ಮರ್ಸಿಡಿಸ್-ಬೆಂಜ್ ೨೬೦ ಡಿ ಎಂಬ ಡೀಸೆಲ್ ಕಾರು ಜನರಿಗೆ ದೊರೆತುದು ಈ ಎರಡರ ಫಲವಾಗಿಯೇ. ನಮ್ಮ ನಾಡಿಗೂ ಈ ವಿದ್ಯೆ ಬೇಗನೆ ಬಂದಿತು. ೧೯೫೧ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ 'ಮೈಕೊ', ಬಾಷ್ ಕಂಪನಿಯ ಸಹಯೋಗದಿಂದ ಪಂಪುಗಳನ್ನೂ ಇಂಜೆಕ್ಟರುಗಳನ್ನೂ ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. ೨೦೦೮ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತಾದರೂ, ಹಳಬರ ಬಾಯಲ್ಲಿ 'ಮೈಕೊ ನಾಜಲು' ಎಂಬ ಮಾತು ಇನ್ನೂ ಅಳಿದಿಲ್ಲ.

ಹಳೆಯ ಕಾರುಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ನಾಜಲುಗಳನ್ನು ಕಾಣುತ್ತೇವೆ. ಪೂರ್ವಕೋಷ್ಠವುಳ್ಳ ಇಂಜಿನ್ನುಗಳಲ್ಲಿ ಒಂದೇ ರಂಧ್ರದ ನಾಜಲಿರುತ್ತದೆ. ಅದರ ಸೂಜಿಯ ತುದಿಯಲ್ಲಿ ಒಂದು ಸಣ್ಣ ಕಡ್ಡಿಯಿದ್ದು, ರಂಧ್ರದಲ್ಲಿ ಅದು ಹಿಂದಕ್ಕೂ ಮುಂದಕ್ಕೂ ಆಡುತ್ತ ಎಣ್ಣೆಯನ್ನು ಬಳೆಯಾಕಾರದ ಸಂದಿನಿಂದ ಬಿಡುತ್ತದೆ. ಮರ್ಸಿಡಿಸ್ ೨೪೦ ಡಿ ಕಾರಿನ ಓಎಂ ೬೧೬ ಇಂಜಿನ್ನು ಈ ಜಾತಿಯದು. ಪುಣೆಯ ಬಜಾಜ್ ಟೆಂಪೊ ಕಾರ್ಖಾನೆಯು ಅದನ್ನೇ ಪರವಾನಗಿಯಿಂದ ನಿರ್ಮಿಸಿದುದರಿಂದ ನಮ್ಮ ಹಳ್ಳಿಗಳ ಟ್ರ್ಯಾಕ್ಸ್ ಗಾಡಿಗಳಲ್ಲಿಯೂ ಅದರ ದನಿ ಕೇಳಿಸಿತು. ಎರಡನೆಯ ಜಾತಿಯದು ನೇರವಾಗಿ ಪಿಸ್ಟನ್ನಿನ ತಲೆಯ ಬಟ್ಟಲಿಗೆ ಎಣ್ಣೆಯನ್ನು ಚಿಮ್ಮಿಸುವ, ಹಲವು ರಂಧ್ರಗಳ ನಾಜಲು. ೧೯೯೧ರಲ್ಲಿ ಕಾಣಿಸಿಕೊಂಡ, ಫೋಕ್ಸ್‌ವಾಗನ್ ಬಳಗದ ೧.೯ ಲೀಟರಿನ ಟಿಡಿಐ ಇಂಜಿನ್ನಿನಲ್ಲಿ ಇಂಥ ಐದು ರಂಧ್ರಗಳಿರುತ್ತವೆ. ಒಂದೊಂದರ ವ್ಯಾಸ ಮಿಲಿಮೀಟರಿನ ಐದನೆಯ ಒಂದು ಪಾಲಿನ ಆಸುಪಾಸು. 'ದೊಡ್ಡ ನಾಜಲು' ಎಂಬ ಸಲಹೆ ಹುಟ್ಟಿಕೊಂಡುದು ಈ ಎರಡನೆಯ ಜಾತಿಯ ಇಂಜಿನ್ನುಗಳಿಂದ. ಆದರೆ ಅದನ್ನು ವಿವೇಚನೆಯಿಲ್ಲದೆ ಮೊದಲನೆಯ ಜಾತಿಗೂ ಹಚ್ಚುತ್ತಾರೆ.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ಸಂಗತಿಯೊಂದುಂಟು. ಈ ಹಳೆಯ ಇಂಜಿನ್ನುಗಳಲ್ಲಿ ಎಷ್ಟು ಎಣ್ಣೆ ಹೋಗಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನಾಜಲಲ್ಲ, ಪಂಪು. ಪಂಪಿನ ದಂಡವು ಒಂದು ತಳ್ಳಿಗೆ ಇಂತಿಷ್ಟು ಎಣ್ಣೆಯನ್ನು ತಳ್ಳುತ್ತದೆ. ನಾಜಲು ಅದನ್ನು ಯಾವ ರೂಪದಲ್ಲಿ ಬಿಡಬೇಕೆಂಬುದನ್ನು ಮಾತ್ರ ತೀರ್ಮಾನಿಸುತ್ತದೆ. ಹಾಗಿರುವಾಗ ರಂಧ್ರವನ್ನು ಹಿಗ್ಗಿಸಿದರೆ ಆಗುವುದೇನು? ತೋಟಕ್ಕೆ ನೀರು ಹಾಯಿಸುವವನು ಕೊಳವೆಯ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಾಗ ನೀರು ದೂರಕ್ಕೆ, ತುಂತುರಾಗಿ ಹಾರುತ್ತದೆ. ಬೆರಳು ತೆಗೆದೊಡನೆ ಕಾಲಬುಡದಲ್ಲಿ ಸುರಿಯುತ್ತದೆ. ಇಲ್ಲಿಯೂ ಅದೇ ನ್ಯಾಯ. ೦.೧೮ ಮಿಲಿಮೀಟರಿನ ರಂಧ್ರವನ್ನು ೦.೨೧ಕ್ಕೆ ಹಿಗ್ಗಿಸಿದೆವೆನ್ನಿ. ವ್ಯಾಸದಲ್ಲಿ ಕೂದಲಿನ ಅರ್ಧದಷ್ಟೂ ವ್ಯತ್ಯಾಸವಿಲ್ಲ. ಆದರೆ ವಿಸ್ತೀರ್ಣವು ವ್ಯಾಸದ ವರ್ಗದಂತೆ ಬೆಳೆಯುವುದರಿಂದ ಅದು ನೂರಕ್ಕೆ ೩೬ರಷ್ಟು ಹೆಚ್ಚುತ್ತದೆ. ಪಂಪು ಅದೇ ವೇಗದಲ್ಲಿ ಅದೇ ಎಣ್ಣೆಯನ್ನು ತಳ್ಳುತ್ತಿದ್ದರೆ, ರಂಧ್ರದಲ್ಲಿ ಬೇಕಾಗುವ ಒತ್ತಡವು ವಿಸ್ತೀರ್ಣದ ವರ್ಗಕ್ಕೆ ವಿಲೋಮವಾಗಿ ತಗ್ಗಿ, ಮೊದಲಿದ್ದುದರ ನೂರಕ್ಕೆ ೫೪ಕ್ಕೆ ಇಳಿಯಬೇಕು. ನಿಜವಾದ ಇಂಜಿನ್ನಿನಲ್ಲಿ ಎಣ್ಣೆಯು ಅದುಮಿಕೊಳ್ಳುವುದರಿಂದಲೂ ಕೊಳವೆಯು ಹಿಗ್ಗುವುದರಿಂದಲೂ ಲೆಕ್ಕವು ಇಷ್ಟು ಸರಳವಾಗಿರದು. ಆದರೆ ದಿಕ್ಕು ಮಾತ್ರ ಇದೇ. ಒತ್ತಡ ತಗ್ಗಿದರೆ ತುಂತುರು ದಪ್ಪವಾಗುತ್ತದೆ. ಅದರಲ್ಲಿಯೂ ಇಂಜಿನ್ನು ನಿಧಾನವಾಗಿ ತಿರುಗುತ್ತ ಏರನ್ನು ಎಳೆಯುವಾಗ, ಪಂಪಿನ ರಭಸವೇ ಕಡಮೆಯಾಗಿರುವ ಹೊತ್ತಿನಲ್ಲಿ, ಈ ದೋಷವು ಎದ್ದು ಕಾಣುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ನಮಗಾದುದು ಇದೇ.

"ಹಾಗಾದರೆ ಪಂಪಿನ ತಿರುಪನ್ನು ತಿರುಗಿಸಿ ಎಣ್ಣೆಯನ್ನೂ ಹೆಚ್ಚಿಸೋಣ" ಎನ್ನುವವರುಂಟು. ಅವರು ಒಲೆಯ ಮುಂದೆ ಕುಳಿತ ನಮ್ಮ ಅಜ್ಜಿಯರಿಂದ ಪಾಠ ಕಲಿಯಬೇಕು. ಒಲೆ ಮಂಕಾದಾಗ ಅವರು ಇನ್ನೂ ನಾಲ್ಕು ಸೌದೆಗಳನ್ನು ತುರುಕುತ್ತಿರಲಿಲ್ಲ; ಊದುಗೊಳವೆಯನ್ನು ಕೈಗೆತ್ತಿಕೊಳ್ಳುತ್ತಿದ್ದರು. ಒಂದು ಗ್ರಾಂ ಡೀಸೆಲ್ ಎಣ್ಣೆ ಪೂರ್ತಿ ಉರಿಯಲು ಹದಿನಾಲ್ಕೂವರೆ ಗ್ರಾಮಿನಷ್ಟು ಗಾಳಿ ಬೇಕು. ಎಣ್ಣೆಗೂ ಗಾಳಿಗೂ ಪೂರ್ಣ ಮಿಶ್ರಣವಾಗಲು ಕಾಲ ಸಾಲದಿರುವುದರಿಂದ ಡೀಸೆಲ್ ಇಂಜಿನ್ನಿಗೆ ಇದಕ್ಕಿಂತ ಹೆಚ್ಚು ಗಾಳಿಯೇ ಬೇಕಾಗುತ್ತದೆ. ಟರ್ಬೊ ಇಲ್ಲದ ಇಂಜಿನ್ನು ಒಂದು ಸಲಕ್ಕೆ ಎಳೆದುಕೊಳ್ಳುವ ಗಾಳಿಗೆ ಒಂದು ಮೇರೆಯುಂಟು. ಆ ಮೇರೆಗೆ ತಕ್ಕಂತೆಯೇ ತಯಾರಕರು ಪಂಪಿಗೆ ಮುದ್ರೆಯೊತ್ತಿರುತ್ತಾರೆ. ಅದನ್ನು ಮೀರಿ ಹೊಯ್ದ ಎಣ್ಣೆಯಲ್ಲಿ ಸ್ವಲ್ಪ ಮಾತ್ರ ಬಲವಾಗುತ್ತದೆ. ಉಳಿದುದು ಮಸಿ ಮತ್ತು ವೃಥಾ ಶಾಖ.

ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಹೇಳಬೇಕು. ನೇರ ಸಿಂಪಡಿಕೆಯ ಟರ್ಬೊ ಇಂಜಿನ್ನಿನಲ್ಲಿ ದೊಡ್ಡ ರಂಧ್ರಕ್ಕೆ ಅರ್ಥವಿಲ್ಲದೆ ಇಲ್ಲ. ಟರ್ಬೊ ಹೆಚ್ಚು ಗಾಳಿಯನ್ನು ಒದಗಿಸಬಲ್ಲದಾದರೆ ಹೆಚ್ಚು ಎಣ್ಣೆಯನ್ನು ಉರಿಸಬಹುದು. ಆಗ ಸಣ್ಣ ರಂಧ್ರದ ಮೂಲಕ ಅಷ್ಟು ಎಣ್ಣೆಯನ್ನು ಕಳುಹಿಸುವಷ್ಟರಲ್ಲಿ ಪಿಸ್ಟನ್ನು ಬಹು ದೂರ ಕೆಳಕ್ಕೆ ಇಳಿದಿರುತ್ತದೆ. ತಡವಾಗಿ ಉರಿದ ಎಣ್ಣೆ ಬಲ ಕೊಡದೆ ನಿಷ್ಕಾಸವನ್ನಷ್ಟೇ ಕಾಯಿಸುತ್ತದೆ. ರಂಧ್ರವನ್ನು ತುಸು ಹಿಗ್ಗಿಸಿ, ಗಾಳಿಯ ಒತ್ತಡವನ್ನೂ ಸಿಂಪಡಿಕೆಯ ಕ್ಷಣವನ್ನೂ ವಿದ್ಯುನ್ಮಾನ ನಿಯಂತ್ರಣವನ್ನೂ ಅದಕ್ಕೆ ಹೊಂದಿಸಿದರೆ ಬಲ ಹೆಚ್ಚುವುದು ನಿಜ. ಇಂಥ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಕುಶಲರು ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಇದ್ದಾರೆ. ಆದರೆ ಅವರು ಮಾಡುವುದು ನಾಜಲಿನ ಬದಲಾವಣೆಯಲ್ಲ, ಇಡೀ ಇಂಜಿನ್ನಿನ ಮರುಹೊಂದಾಣಿಕೆ. ಅದರಲ್ಲಿ ನಾಜಲನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಬಿಡುವುದು, ವೈದ್ಯನ ಚೀಟಿಯಲ್ಲಿ ಔಷಧದ ಹೆಸರನ್ನು ಓದಿ ಪ್ರಮಾಣವನ್ನು ಓದದೆ ಕುಡಿದಂತೆ.

ಇನ್ನೂ ಒಂದು ಮಾತುಂಟು. ಇಂಜಿನಿಯರುಗಳು ಬಲವನ್ನು ಹೆಚ್ಚಿಸಲು ಯಾವ ದಾರಿಯನ್ನು ಹಿಡಿದರೆಂಬುದನ್ನು ನೋಡಿರಿ. ೧೯೯೭ರಲ್ಲಿ ಆಲ್ಫಾ ರೋಮಿಯೊ ೧೫೬ ಕಾರಿನಲ್ಲಿ ಬಂದ ಸಮಾನ ಕೊಳವೆಯ ಪದ್ಧತಿಯಲ್ಲಿ, ಎಂದರೆ 'ಕಾಮನ್ ರೇಲ್'ನಲ್ಲಿ, ಎಣ್ಣೆಯ ಒತ್ತಡವು ೧,೩೫೦ ಬಾರ್‌ಗೆ ಏರಿತು. ಆಮೇಲಿನ ಇಂಜಿನ್ನುಗಳಲ್ಲಿ ೨,೦೦೦ ಬಾರನ್ನೂ ಮೀರಿತು. ಒತ್ತಡ ಏರಿದಂತೆಲ್ಲ ರಂಧ್ರಗಳು ಹಿಗ್ಗಲಿಲ್ಲ, ಕಿರಿದಾಗುತ್ತಲೇ ಬಂದವು. ಬಲವೂ ಹೆಚ್ಚಿತು, ಹೊಗೆಯೂ ಕಡಮೆಯಾಯಿತು. ಮುಂದುವರಿದ ವಿದ್ಯೆಯು ಸಣ್ಣ ರಂಧ್ರ, ದೊಡ್ಡ ಒತ್ತಡದ ಕಡೆಗೆ ನಡೆದಿರುವಾಗ, ದೊಡ್ಡ ರಂಧ್ರ, ಸಣ್ಣ ಒತ್ತಡದ ಕಡೆಗೆ ಹಿಮ್ಮುಖವಾಗಿ ನಡೆದು ಅದನ್ನು 'ಸುಧಾರಣೆ' ಎಂದು ಕರೆಯುವುದು ಎಷ್ಟು ಸರಿ?

ಇದರಿಂದ ಆಗುವ ಹಾನಿಯು ಕಾರಿನ ಮಾಲಿಕನಿಗೆ ಮಾತ್ರ ಸೀಮಿತವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಉರಿಯದ ಎಣ್ಣೆ ಸಿಲಿಂಡರಿನ ಗೋಡೆಯ ಮೇಲಿನ ಕೀಲೆಣ್ಣೆಯನ್ನು ತೊಳೆದುಹಾಕುತ್ತದೆ. ಮಿತಿಮೀರಿದ ಶಾಖ ಪಿಸ್ಟನ್ನಿನ ತಲೆಯನ್ನು ಕರಗಿಸಬಹುದು. ಅದು ಅವನ ನಷ್ಟ, ಅವನ ಪಾಠ. ಆದರೆ ಹೊಗೆ ಎಲ್ಲರದು. ೨೦೧೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ನಮ್ಮ ದೇಶದ ಮೋಟಾರು ವಾಹನ ನಿಯಮಗಳು ಹಳೆಯ ಡೀಸೆಲ್ ವಾಹನಗಳ ಹೊಗೆಗೂ ಮಿತಿಯನ್ನು ವಿಧಿಸಿವೆ: ಹಾರ್ಟ್‌ರಿಡ್ಜ್ ಮಾಪನದಲ್ಲಿ ೬೫ ಮಾನಗಳು. ಹೊಗೆಯ ಪರೀಕ್ಷೆಯ ದಿನ ತಿರುಪನ್ನು ಹಿಂದಕ್ಕೆ ತಿರುಗಿಸಿ, ಮರುದಿನ ಮುಂದಕ್ಕೆ ತಿರುಗಿಸುವ ಜಾಣರೂ ಇದ್ದಾರೆ. ಅವರು ಯಂತ್ರವನ್ನು ಮೋಸಗೊಳಿಸಿದಂತೆ ಕಾಣಬಹುದು. ಬಸ್ಸಿಗಾಗಿ ಕಾಯುವ ಮಕ್ಕಳ ಶ್ವಾಸಕೋಶವನ್ನು ಮೋಸಗೊಳಿಸಲಾರರು.

ಹಾಗಾದರೆ ಬಳಲಿದ ಹಳೆಯ ಇಂಜಿನ್ನಿಗೆ ಮದ್ದೇ ಇಲ್ಲವೆ? ಉಂಟು, ಅದು ಹಿಗ್ಗಿಸುವುದರಲ್ಲಿಲ್ಲ, ಸರಿಪಡಿಸುವುದರಲ್ಲಿದೆ. ಘಟ್ಟದಿಂದ ಇಳಿದು ಬಂದ ಮೇಲೆ ನಾವು ಪಂಪು ಮತ್ತು ಇಂಜೆಕ್ಟರುಗಳ ಕೆಲಸದಲ್ಲೇ ತಲೆ ನೆರೆಸಿಕೊಂಡಿದ್ದ ವೃದ್ಧ ಕುಶಲಕರ್ಮಿಯೊಬ್ಬರ ಬಳಿಗೆ ಹೋದೆವು. ಅವರು ಕೇಳಿದ ಮೊದಲನೆಯ ಪ್ರಶ್ನೆ, "ತೆಗೆದ ಹಳೆಯ ನಾಜಲುಗಳೆಲ್ಲಿ?" ಎಂಬುದು. ಪುಣ್ಯಕ್ಕೆ ಅವು ಡಿಕ್ಕಿಯಲ್ಲಿಯೇ ಇದ್ದವು. ಅವರು ಒಂದೊಂದನ್ನಾಗಿ ಕೈಪಂಪಿನ ಪರೀಕ್ಷಾ ಯಂತ್ರಕ್ಕೆ ಕೂಡಿಸಿ, ಒತ್ತಡದ ಮುಳ್ಳನ್ನು ನೋಡುತ್ತ ಹಿಡಿಯನ್ನು ಒತ್ತಿದರು. ಎರಡು ನಾಜಲುಗಳು ತಕ್ಕ ಒತ್ತಡದಲ್ಲಿ ತೆರೆದು, ಚರಚರನೆ ಸದ್ದು ಮಾಡುತ್ತ ಹದವಾದ ಮಂಜನ್ನು ಬಿಟ್ಟವು. ಮೂರನೆಯದು ಬೇಗನೆ ತೆರೆದು, ತುದಿಯಲ್ಲಿ ತೊಟ್ಟಿಕ್ಕಿತು. ನಾಲ್ಕನೆಯದು ಮಂಜಿನ ಬದಲು ದಾರದಂತೆ ಓರೆಯಾಗಿ ಚಿಮ್ಮಿತು. "ನಾಲ್ವರಲ್ಲಿ ಇಬ್ಬರು ಮಲಗಿದ್ದಾರೆ, ಉಳಿದ ಇಬ್ಬರಿಗೆ ನೀವು ಮದ್ದು ಕುಡಿಸಿದಿರಿ" ಎಂದರು ಅವರು.

ಆ ಪರೀಕ್ಷೆಯ ಅಳತೆಗಳು ಗುಟ್ಟಿನವಲ್ಲ. ಉದಾಹರಣೆಗೆ ಮೇಲೆ ಹೇಳಿದ ೨೪೦ ಡಿ ಕಾರಿನಲ್ಲಿ ಹೊಸ ನಾಜಲು ೧೧೫ರಿಂದ ೧೨೫ ಬಾರ್ ಒತ್ತಡದಲ್ಲಿ ತೆರೆಯಬೇಕು. ಬಳಸಿದ್ದು ೧೦೦ಕ್ಕಿಂತ ಕೆಳಗೆ ಇಳಿದರೆ ಅದನ್ನು ಸರಿಪಡಿಸಬೇಕು, ಇಲ್ಲವೆ ಬದಲಾಯಿಸಬೇಕು. ಎಲ್ಲ ಸಿಲಿಂಡರುಗಳ ಒತ್ತಡವೂ ಒಂದಕ್ಕೊಂದು ಹತ್ತಿರವಿರಬೇಕು. ತೆರೆಯುವ ಒತ್ತಡಕ್ಕಿಂತ ೨೦ ಬಾರ್ ಕಡಮೆಯಲ್ಲಿ ಹತ್ತು ಸೆಕೆಂಡು ಹಿಡಿದರೂ ತುದಿಯಿಂದ ಹನಿ ಬೀಳಕೂಡದು. ಸೂಜಿಗೂ ಅದರ ಮನೆಗೂ ನಡುವಣ ಸಂದು ಕೆಲವೇ ಮೈಕ್ರಾನುಗಳಷ್ಟಾದುದರಿಂದ ಕೊಳೆಯ ಒಂದು ಕಣವೂ ಅದನ್ನು ಹಿಡಿದು ನಿಲ್ಲಿಸಬಲ್ಲದು; ಆದುದರಿಂದ ಎಣ್ಣೆಯ ಶೋಧಕವನ್ನು ಕಾಲಕಾಲಕ್ಕೆ ಬದಲಾಯಿಸತಕ್ಕದ್ದು. ಇಂಜೆಕ್ಟರನ್ನು ಬಿಚ್ಚಿದಾಗಲೆಲ್ಲ ಅದರ ಅಡಿಯ ಶಾಖ ತಡೆಯುವ ಬಿಲ್ಲೆಯನ್ನು ಹೊಸದಾಗಿ ಹಾಕತಕ್ಕದ್ದು. ನಮ್ಮ ಕಾರಿಗೆ ಅದರದೇ ಅಳತೆಯ ನಾಜಲುಗಳನ್ನು ಹಾಕಿ, ಒತ್ತಡವನ್ನು ಸರಿಹೊಂದಿಸಿ, ಪಂಪಿನ ತಿರುಪನ್ನು ಮೊದಲಿನ ಜಾಗಕ್ಕೆ ತಂದು ಮತ್ತೆ ಮುದ್ರೆಯೊತ್ತಿದರು. ಮುಂದಿನ ತಿಂಗಳು ಅದೇ ಘಟ್ಟವನ್ನು ಹತ್ತಿದೆವು. ಕಾರು ಹಾರಲಿಲ್ಲ, ತನ್ನ ಯೌವನದಲ್ಲಿ ಹೇಗೆ ಹತ್ತುತ್ತಿತ್ತೋ ಹಾಗೆ ಹತ್ತಿತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಿಸುತ್ತಿತ್ತು. ನನಗೆ ಅಷ್ಟು ಸಾಕಾಯಿತು.

ಈ ಪರೀಕ್ಷೆಯನ್ನು ನೋಡಬಯಸುವ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ನಾಜಲಿನಿಂದ ಹೊರಡುವ ಎಣ್ಣೆಗೆ ಎಂದೂ ಕೈಯೊಡ್ಡಬೇಡಿರಿ. ಅಷ್ಟು ಒತ್ತಡದ ಎಣ್ಣೆಯು ಸೂಜಿಯಂತೆ ಚರ್ಮವನ್ನು ತೂರಿ ಒಳಸೇರುತ್ತದೆ. ಗಾಯವು ಸಣ್ಣದಾಗಿ ಕಂಡರೂ ಒಡನೆಯೇ ಶಸ್ತ್ರವೈದ್ಯರ ಬಳಿಗೆ ಓಡದಿದ್ದರೆ ಬೆರಳನ್ನೇ ಕಳೆದುಕೊಳ್ಳುವ ಸಂಭವವುಂಟು. ಕಣ್ಣಿಗೆ ಕನ್ನಡಕ ಧರಿಸಿ, ದೂರ ನಿಂತು ನೋಡಿರಿ.

ಯಂತ್ರಗಳನ್ನು ಬಿಚ್ಚಿ ನೋಡುವ, ತಿದ್ದುವ ಕುತೂಹಲವನ್ನು ನಾನು ಹಳಿಯುವವನಲ್ಲ. ಅದಿಲ್ಲದಿದ್ದರೆ ಲೊರಾಂಜನೂ ಇಲ್ಲ, ಬಾಷನೂ ಇಲ್ಲ. ಆದರೆ ಅವರು ತಿದ್ದುವ ಮುನ್ನ ಅಳೆದರು, ತಿದ್ದಿದ ಮೇಲೆ ಮತ್ತೆ ಅಳೆದರು. 'ಬಲ ಹೆಚ್ಚಿತು' ಎಂದು ಆಸನದಲ್ಲಿ ಕುಳಿತವನಿಗೆ ತೋರುವುದು ಅಳತೆಯಲ್ಲ. ಒಂದು ಲೀಟರಿಗೆ ಎಷ್ಟು ದೂರ ಹೋಯಿತು, ಹೊಗೆಯ ಮಾಪನ ಎಷ್ಟು, ನಾಜಲು ಎಷ್ಟು ಒತ್ತಡದಲ್ಲಿ ತೆರೆಯಿತು ಎಂಬವು ಅಳತೆಗಳು. ಮುಂದೆ ಯಾರಾದರೂ ನಿಮಗೆ ದೊಡ್ಡ ನಾಜಲನ್ನು ಶಿಫಾರಸು ಮಾಡಿದರೆ, "ಹಳೆಯದನ್ನು ಪರೀಕ್ಷಿಸಿದಿರಾ?" ಎಂದು ಮೊದಲು ಕೇಳಿರಿ. ಅವರಲ್ಲಿ ಉತ್ತರವಿಲ್ಲದಿದ್ದರೆ ಕಾರನ್ನು ಹಿಂದಕ್ಕೆ ತಿರುಗಿಸಿಕೊಂಡು ಮನೆಗೆ ಬನ್ನಿರಿ.